ಗುಡುಗು, ಅಪ್‌ಡೇಟ್, ಹೊಸ ಮಾನಿಟರ್: ಸದ್ದು ನಿಂತದ್ದು ಯಾರಿಂದ?

ಪ್ರಶ್ನೆ: ನಾನು ನಿವೃತ್ತ ಶಾಲಾ ಟೀಚರ್. ಕಾಸರಗೋಡಿನ ಪೆರ್ಲದ ಹತ್ತಿರ ಮನೆ. ನನ್ನ ಅಪ್ಪ ತಾಳಮದ್ದಳೆಯಲ್ಲಿ (ವೇಷವಿಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ) ಅರ್ಥ ಹೇಳುತ್ತಿದ್ದರು. ಅವರ 40 ಕ್ಯಾಸೆಟ್ಟುಗಳು ಮನೆಯಲ್ಲಿವೆ. ಟೇಪ್ ರೆಕಾರ್ಡರಿನಿಂದ ವಯರ್ ಕೊಟ್ಟು ಕಂಪ್ಯೂಟರಿಗೆ ತುಂಬಿಸುತ್ತಿದ್ದೆ. 11 ಮುಗಿದಿತ್ತು. ಎರಡು ವಾರದಿಂದ ಕಂಪ್ಯೂಟರಿನಲ್ಲಿ ಸದ್ದೇ ಇಲ್ಲ. 2017ರಲ್ಲಿ ತೆಗೆದ ಡೆಸ್ಕ್‌ಟಾಪ್, ವಿಂಡೋಸ್ 10. ಆ ವಾರ ಒಂದು ರಾತ್ರಿ ಜೋರು ಗುಡುಗು ಸಿಡಿಲು ಇತ್ತು. ಮರುದಿನ ಏನೋ ಅಪ್‌ಡೇಟ್ ಆಯಿತು. ಅದೇ ಶನಿವಾರ ಮಗ ಬಂದು ಹಳೆ ಮಾನಿಟರ್ ತೆಗೆದು ಹೊಸತು ಇಟ್ಟು ಹೋದ. ಸ್ಪೀಕರ್ ಚಿತ್ರದ ಮೇಲೆ ಕೆಂಪು ಗುರುತು ಇಲ್ಲ, ಹಾಡು ಹಾಕಿದರೆ ಹಸಿರು ಗೆರೆ ಕುಣಿಯುತ್ತದೆ, ಆದರೆ ಏನೂ ಕೇಳುವುದಿಲ್ಲ. ರೆಕಾರ್ಡ್ ಮಾಡಿ ಫೋನಿಗೆ ಕಳಿಸಿ ಕೇಳಿದೆ, ಬರೀ ಸುಯ್ ಅಂತ ಸದ್ದು. ಪೇಟೆಯ ಅಂಗಡಿಯವರು ಸಿಡಿಲಿಗೆ ಸೌಂಡ್ ಸುಟ್ಟಿದೆ, ಮದರ್‌ಬೋರ್ಡೇ ಬದಲಿಸಬೇಕು ಅಂದರು. ಬೆಂಗಳೂರಿನಲ್ಲಿರುವ ತಮ್ಮನ ಮಗ ಡ್ರೈವರ್ ಸಮಸ್ಯೆ ಅಂತ ಫೋನಿನಲ್ಲೇ ಒಂದು ಸಾಫ್ಟ್‌ವೇರ್ ಹಾಕಿಸಿದ. ಅದು 27 ಡ್ರೈವರ್ ಹಳತಾಗಿವೆ, ದುಡ್ಡು ಕಟ್ಟಿ ಅನ್ನುತ್ತಿದೆ. ಕಟ್ಟಿಲ್ಲ. ವೆಬ್‌ಕ್ಯಾಮ್ ಇಲ್ಲ. ಕೊರೊನಾ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗೆ ತೆಗೆದ ಒಂದು ಸಣ್ಣ ಮೈಕ್ ಮುಂದಿನ ತೂತಿನಲ್ಲಿ ಇನ್ನೂ ಇದೆ. ತುಂಬಿಸಿದ 11 ಕ್ಯಾಸೆಟ್ ಹೋಗಿಬಿಡುತ್ತದೋ ಅಂತ ಹೆದರಿಕೆ. ಏನು ಮಾಡಲಿ?

ಉತ್ತರ: ಟೀಚರೇ, ಮೊದಲು ಹೆದರಿಕೆಯ ಮಾತು. ಡ್ರೈವರ್ ಅಂದರೆ ವಿಂಡೋಸ್‌ಗೂ ಸೌಂಡ್ ಚಿಪ್ಪಿಗೂ ನಡುವಿನ ಸಾಫ್ಟ್‌ವೇರ್, ಅದನ್ನು ತೆಗೆದರೂ ಹಾಕಿದರೂ ನಿಮ್ಮ ರೆಕಾರ್ಡಿಂಗ್ ಫೈಲುಗಳಿಗೆ ಏನೂ ಆಗುವುದಿಲ್ಲ. ಅವು ಬೇರೆ, ಇದು ಬೇರೆ. ಆದರೆ ಕಂಪ್ಯೂಟರನ್ನು ಯಾರ ಕೈಗಾದರೂ ಕೊಟ್ಟು, ಅವರು "ಒಮ್ಮೆ ಫಾರ್ಮ್ಯಾಟ್ ಮಾಡಿ ನೋಡುವ" ಅಂದರೆ ಆಗ ಅಪಾಯ. ಡೆಸ್ಕ್‌ಟಾಪಿನಲ್ಲೋ ಡಾಕ್ಯುಮೆಂಟ್ಸ್‌ನಲ್ಲೋ ಇಟ್ಟದ್ದು ಸಾಮಾನ್ಯವಾಗಿ ಸಿ ಡ್ರೈವಿನಲ್ಲೇ ಇರುತ್ತದೆ, ಫಾರ್ಮ್ಯಾಟಿನಲ್ಲಿ ಅದು ಹೋಗುತ್ತದೆ. ಹಾಗಾಗಿ ಬೇರೆ ಏನು ಮಾಡುವ ಮೊದಲೂ ಆ 11 ಕ್ಯಾಸೆಟ್ಟಿನ ಫೈಲುಗಳನ್ನು ಒಂದು ಪೆನ್ ಡ್ರೈವಿಗೆ ಹಾಕಿ ಕಪಾಟಿನಲ್ಲಿಡಿ. ಒಂದು ಗಂಟೆಯ ಕ್ಯಾಸೆಟ್ ಸಿಡಿಯ ಗುಣಮಟ್ಟದ ವೇವ್ ಫೈಲಾಗಿದ್ದರೆ ಸುಮಾರು 600 ಎಂಬಿ ಆಗುತ್ತದೆ. 11 ಕ್ಯಾಸೆಟ್ಟಿಗೆ 16 ಜಿಬಿಯ ಪೆನ್ ಡ್ರೈವ್ ಧಾರಾಳ ಸಾಕು.

ಈಗ ವಿಷಯಕ್ಕೆ ಬರುವ. ಒಂದೇ ವಾರದಲ್ಲಿ ಮೂರು ಸಂಗತಿ ನಡೆದಿವೆ. ಅಂಗಡಿಯವರು ಸಿಡಿಲನ್ನು ಹಿಡಿದುಕೊಂಡರು, ತಮ್ಮನ ಮಗ ಅಪ್‌ಡೇಟನ್ನು ಹಿಡಿದುಕೊಂಡ. ಮಗ ಪ್ರೀತಿಯಿಂದ ತಂದಿಟ್ಟ ಮಾನಿಟರಿನ ಮೇಲೆ ಮಾತ್ರ ಯಾರಿಗೂ ಸಂಶಯ ಬರಲಿಲ್ಲ. ನನ್ನ ಸಂಶಯ ಇರುವುದೇ ಅದರ ಮೇಲೆ.

ಕಾರಣ ಹೇಳುತ್ತೇನೆ. ಹಳೆಯ ಮಾನಿಟರುಗಳಿಗೆ ಬರುತ್ತಿದ್ದ ನೀಲಿ ತಲೆಯ, ಎರಡು ಬದಿ ತಿರುಪು ಇರುವ ವಿಜಿಎ ವಯರಿನಲ್ಲಿ ಚಿತ್ರ ಮಾತ್ರ ಹೋಗುತ್ತದೆ. ಈಗಿನ ಎಚ್‌ಡಿಎಂಐ ವಯರಿನಲ್ಲಿ ಚಿತ್ರದ ಜೊತೆ ಸದ್ದೂ ಹೋಗುತ್ತದೆ. ಅದನ್ನು ಚುಚ್ಚಿದ ಕೂಡಲೇ ವಿಂಡೋಸ್, "ಓ, ಹೊಸ ಸ್ಪೀಕರ್ ಬಂತು" ಅಂದುಕೊಂಡು ಸದ್ದನ್ನೆಲ್ಲ ಮಾನಿಟರಿನ ಕಡೆ ತಿರುಗಿಸಿಬಿಡುವುದುಂಟು. ಮಾನಿಟರಿನೊಳಗೆ ಸ್ಪೀಕರೇ ಇಲ್ಲದಿದ್ದರೂ ತಿರುಗಿಸುತ್ತದೆ! ಹಸಿರು ಗೆರೆ ಕುಣಿಯುವುದು, ಕೆಂಪು ಗುರುತು ಇಲ್ಲದಿರುವುದು, ಎರಡೂ ಇದಕ್ಕೆ ಸರಿಯಾಗಿ ಹೊಂದುತ್ತವೆ. ಕಂಪ್ಯೂಟರ್ ಹಾಡುತ್ತಾ ಇದೆ, ನಿಮ್ಮ ಕಡೆ ಮುಖ ಮಾಡಿ ಅಲ್ಲ, ಅಷ್ಟೇ.

ಪರೀಕ್ಷೆಗೆ ಅರ್ಧ ನಿಮಿಷ ಸಾಕು. ಕೆಳಗೆ ಬಲಮೂಲೆಯ ಸ್ಪೀಕರ್ ಚಿತ್ರದ ಮೇಲೆ ಒಂದು ಸಲ ಒತ್ತಿ. ವಾಲ್ಯೂಮಿನ ಗೆರೆಯ ಮೇಲ್ಗಡೆ ಒಂದು ಹೆಸರು, ಪಕ್ಕದಲ್ಲಿ ಮೇಲ್ಮುಖದ ಸಣ್ಣ ಬಾಣ ಕಾಣುತ್ತದೆ. ಆ ಹೆಸರಿನಲ್ಲಿ ಮಾನಿಟರಿನ ಕಂಪನಿ ಅಥವಾ ಮಾಡೆಲ್ ನಂಬರ್ ಇದ್ದರೆ ಕಳ್ಳ ಸಿಕ್ಕಿದ ಅಂತಲೇ. ಬಾಣ ಒತ್ತಿ, ಪಟ್ಟಿಯಲ್ಲಿ 'ಸ್ಪೀಕರ್ಸ್' ಅಂತ ಇರುವುದನ್ನು ಆರಿಸಿ. ಸದ್ದು ಬಂದರೆ ಅಲ್ಲಿಗೇ ಬಿಡಬೇಡಿ. ಮಾನಿಟರ್ ಮಲಗಿ ಎದ್ದಾಗ ಮತ್ತೆ ಅದೇ ಕತೆ ಆಗಬಹುದು. ಸೌಂಡ್ ಕಂಟ್ರೋಲ್ ಪ್ಯಾನೆಲ್ ತೆರೆದು, ಪ್ಲೇಬ್ಯಾಕ್ ಪಟ್ಟಿಯಲ್ಲಿ ಮಾನಿಟರಿನ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ಡಿಸೇಬಲ್ ಮಾಡಿ. ಚಿತ್ರಕ್ಕೆ ಏನೂ ತೊಂದರೆ ಇಲ್ಲ.

ಸ್ಪೀಕರ್ ಆರಿಸಿದ ಮೇಲೂ ಸದ್ದಿಲ್ಲ ಅಂದರೆ, ಸ್ಪೀಕರಿನ ವಯರನ್ನು ತೆಗೆದು ಒಂದು ಹಳೆ ಮೊಬೈಲಿಗೋ ರೇಡಿಯೋಕ್ಕೋ ಚುಚ್ಚಿ ನೋಡಿ. ನಗಬೇಡಿ. ಸೌಂಡ್ ಡ್ರೈವರ್ ಹೋಗಿದೆ ಅಂತ ನನ್ನಲ್ಲಿಗೆ ಬರುವವರಲ್ಲಿ ಸ್ಪೀಕರಿನದ್ದೇ ಅಡಾಪ್ಟರ್ ಸತ್ತವರು ತುಂಬ ಜನ ಇರುತ್ತಾರೆ. ಬಸ್ಸಿನ ಡೀಸೆಲ್ ಮುಗಿದರೂ ಬೈಗಳು ಡ್ರೈವರಿಗೇ ಅಲ್ವಾ, ಕಂಪ್ಯೂಟರಿನಲ್ಲೂ ಹಾಗೆ. ಮುಳ್ಳೇರಿಯಾ ಕಡೆಯ ಒಂದು ಮನೆಯಲ್ಲಿ ಮೂರು ಸಲ ವಿಂಡೋಸ್ ಹೊಸತಾಗಿ ಹಾಕಿಸಿದ್ದರು, ಸದ್ದು ಬಂದಿರಲಿಲ್ಲ. ನಾನು ಹೋಗಿ ಟಾರ್ಚ್ ಹಾಕಿ ನೋಡಿದರೆ ಹಿಂದಿನ ಹಸಿರು ತೂತಿನೊಳಗೆ ಮಣ್ಣಿನ ಗೂಡು ಕಟ್ಟುವ ಕಣಜದ ಹುಳ ಮನೆ ಮಾಡಿತ್ತು. ಪಿನ್ ಅರ್ಧಕ್ಕೆ ನಿಲ್ಲುತ್ತಿತ್ತು. ಹಲ್ಲುಕಡ್ಡಿಯಲ್ಲಿ ಕೆರೆದು ತೆಗೆದದ್ದು, ಅಷ್ಟೇ ರಿಪೇರಿ. ನಮ್ಮಲ್ಲಿ ಮಳೆಗಾಲದ ತೇವಕ್ಕೆ ಆ ತೂತಿನೊಳಗಿನ ಲೋಹದ ಎಸಳುಗಳಿಗೂ ಕಿಲುಬು ಹಿಡಿಯುತ್ತದೆ. ಪಿನ್ನನ್ನು ಹತ್ತು ಸಲ ಹಾಕಿ ತೆಗೆದು ಮಾಡಿದರೆ ಎಷ್ಟೋ ಸಲ ಸರಿಯಾಗುತ್ತದೆ. ಕಂಪ್ಯೂಟರ್ ಆಫ್ ಇರಲಿ, ಅಷ್ಟೇ.

ಇನ್ನು ಆ ಸುಯ್ ಸದ್ದು. ನನಗೆ ನಿಮ್ಮ ಪತ್ರದಲ್ಲಿ ತುಂಬ ಉಪಯೋಗಕ್ಕೆ ಬಂದದ್ದು ಇದೇ. ಸೌಂಡ್ ಸುಟ್ಟುಹೋಗಿದ್ದರೆ ಹೆಚ್ಚಾಗಿ ರೆಕಾರ್ಡಿಂಗೇ ಶುರುವಾಗುತ್ತಿರಲಿಲ್ಲ, ಅಥವಾ ಗೆರೆ ಎಳೆದ ಹಾಗೆ ಪೂರ್ತಿ ನಿಶ್ಶಬ್ದ ಇರುತ್ತಿತ್ತು. ಸುಯ್ ಅನ್ನುತ್ತಿದೆ ಅಂದರೆ ಆ ದಾರಿಯಲ್ಲಿ ಜೀವ ಇದೆ. ಎಲ್ಲಿಯ ಸುಯ್ ಅಂತ ಗೊತ್ತಾಗಬೇಕಾ? ರೆಕಾರ್ಡ್ ಒತ್ತಿ, ಮುಂದಿರುವ ಆ ಕ್ಲಾಸಿನ ಮೈಕಿನ ಮೇಲೆ ಬೆರಳಿನಿಂದ ಮೆಲ್ಲ ತಟ್ಟಿ. ಮತ್ತೆ ಕೇಳಿದಾಗ ಟಪ್ ಟಪ್ ಬಂದರೆ, ಕಂಪ್ಯೂಟರ್ ನಿಮ್ಮ ಟೇಪ್ ರೆಕಾರ್ಡರಿನ ಮಾತು ಬಿಟ್ಟು ಕೋಣೆಯ ಗಾಳಿಯನ್ನು ರೆಕಾರ್ಡ್ ಮಾಡುತ್ತಿದೆ. ಅಪ್‌ಡೇಟಿನಲ್ಲೋ ಆ ಸಾಫ್ಟ್‌ವೇರಿನ ಉಪಕಾರದಲ್ಲೋ, ರೆಕಾರ್ಡಿಂಗಿನ ಮೂಲ 'ಲೈನ್ ಇನ್' (ಟೇಪ್ ರೆಕಾರ್ಡರಿನ ವಯರಿಗೆ ಇರುವ ದಾರಿ) ಹೋಗಿ 'ಮೈಕ್ರೋಫೋನ್' ಆಗಿರಬೇಕು. ಅದೇ ಸೌಂಡ್ ಕಂಟ್ರೋಲ್ ಪ್ಯಾನೆಲ್‌ನ ರೆಕಾರ್ಡಿಂಗ್ ಪಟ್ಟಿಗೆ ಹೋಗಿ. ಲೈನ್ ಇನ್ ಕಾಣದಿದ್ದರೆ ಖಾಲಿ ಜಾಗದಲ್ಲಿ ಬಲಗುಂಡಿ ಒತ್ತಿ, ಡಿಸೇಬಲ್ ಆದವುಗಳನ್ನೂ ತೋರಿಸು ಅನ್ನುವುದಕ್ಕೆ ಗುರುತು ಹಾಕಿ. ಅದನ್ನು ಎನೇಬಲ್ ಮಾಡಿ, ಡೀಫಾಲ್ಟ್ ಮಾಡಿ. ವಯರ್ ಹಿಂದಿನ ನೀಲಿ ತೂತಿನಲ್ಲಿ ಇರಬೇಕು. ಪಿಂಕ್ ಮೈಕಿಗೆ, ಹಸಿರು ಸ್ಪೀಕರಿಗೆ.

ಅಂಗಡಿಯವರ ಮಾತಿಗೂ ಇಲ್ಲೇ ಉತ್ತರ ಇದೆ. ಮೈಕಿನ ಟಪ್ ಟಪ್ ಬಂತು ಅಂದರೆ ಸೌಂಡ್ ಚಿಪ್ ಸುಟ್ಟಿಲ್ಲ. ಯಾಕೆಂದರೆ ಹಾಡುವುದೂ ಕೇಳುವುದೂ ಒಂದೇ ಚಿಪ್. ಮದರ್‌ಬೋರ್ಡಿನ ಮೇಲೆ ಆ ತೂತುಗಳ ಹತ್ತಿರವೇ ಚೌಕದ ಒಂದು ಸಣ್ಣ ತುಂಡು ಇರುತ್ತದೆ. ಹೆಚ್ಚಿನವು ತೈವಾನಿನ ರಿಯಲ್‌ಟೆಕ್ ಕಂಪನಿಯವು, ಅವುಗಳ ಮೇಲೆ ಏಡಿಯ ಚಿತ್ರ ಇರುವುದೂ ಉಂಟು. ಚಿಪ್ಪಿನ ಹಾಡುವ ಭಾಗ ಮಾತ್ರ ಹೋಗಿ ಕೇಳುವ ಭಾಗ ಉಳಿಯುವುದು ಸಾಧ್ಯವೇ ಇಲ್ಲ ಅಂತ ಹೇಳುವುದಿಲ್ಲ, ಆದರೆ ಅಪರೂಪ. ನಾನು ಕಂಡ ಹಾಗೆ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲಿಗೆ ನಮ್ಮ ಕಡೆ ಮೊದಲು ಹೋಗುವುದು ಮೋಡೆಮ್, ಆಮೇಲೆ ಕಂಪ್ಯೂಟರಿನ ನೆಟ್‌ವರ್ಕ್ ತೂತು, ಆಮೇಲೆ ಪವರ್ ಸಪ್ಲೈ. ನಿಮ್ಮ ಇಂಟರ್ನೆಟ್ ನಡೆಯುತ್ತಿದೆ, ಕಂಪ್ಯೂಟರ್ ಆನ್ ಆಗುತ್ತಿದೆ. ಅದನ್ನೆಲ್ಲ ಬಿಟ್ಟು ಸಿಡಿಲು ಬರೀ ಸೌಂಡನ್ನು ಹುಡುಕಿಕೊಂಡು ಹೋಗಿ ಹೊಡೆದಿದೆ ಅಂದರೆ ನಂಬುವುದು ಕಷ್ಟ. ಆದರೂ ಸಂಶಯ ಉಳಿಯಬಾರದು ಅಂತ ಒಂದು ಕೆಲಸ ಮಾಡಿ. ಕಂಪ್ಯೂಟರ್ ಆಫ್ ಮಾಡಿ ಪ್ಲಗ್ಗನ್ನೇ ಎಳೆಯಿರಿ. ಪವರ್ ಬಟನನ್ನು 20 ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟು ಖಾಲಿಯಾಗಲಿ. ಮತ್ತೆ ಪ್ಲಗ್ ಹಾಕಿ ಆನ್ ಮಾಡಿ. ಕರೆಂಟಿನ ಏರಿಳಿತಕ್ಕೆ ಮಂಕು ಹಿಡಿದು ಕೂತ ಚಿಪ್ಪು ಕೆಲವೊಮ್ಮೆ ಇಷ್ಟಕ್ಕೇ ಎಚ್ಚರವಾಗುತ್ತದೆ.

ಇದರ ಜೊತೆಗೆ ಒಂದು ವಿಚಿತ್ರ ತಿಳಿದಿರಲಿ. ವಿಂಡೋಸ್ 8ರಿಂದ ಈಚೆಗೆ ಶಟ್‌ಡೌನ್ ಅಂದರೆ ಪೂರ್ತಿ ಶಟ್‌ಡೌನ್ ಅಲ್ಲ. ಬೇಗ ಆನ್ ಆಗಲಿ ಅಂತ ಒಳಗಿನ ಸ್ಥಿತಿಯನ್ನು ಅರ್ಧ ಹಾಗೇ ಬರೆದಿಟ್ಟುಕೊಳ್ಳುತ್ತದೆ, ಡ್ರೈವರಿನ ಗೊಂದಲವನ್ನೂ ಸೇರಿಸಿ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಎಲ್ಲ ಹೊಸತಾಗಿ ಶುರುವಾಗುತ್ತದೆ. ಹತ್ತು ಸಲ ಆಫ್ ಮಾಡಿ ಆನ್ ಮಾಡಿದೆ ಅನ್ನುವವರಿಗೆ ನಾನು ಒಂದು ಸಲ ರೀಸ್ಟಾರ್ಟ್ ಮಾಡಿ ಅನ್ನುವುದು ಇದಕ್ಕೇ.

ಈಗ ಡ್ರೈವರಿನ ಮಾತು. ಕಾಸರಗೋಡಿನವರಿಗೆ ಇದನ್ನು ವಿವರಿಸುವುದು ಸುಲಭ. ಮನೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಒಂದು, ಆಫೀಸಿನ ಕಾಗದದಲ್ಲಿ ಇನ್ನೊಂದು. ನಡುವೆ ಎರಡೂ ಬಲ್ಲ ಒಬ್ಬರು ಬೇಕು. ವಿಂಡೋಸ್‌ಗೆ ಚಿಪ್ಪಿನ ಭಾಷೆ ಬರುವುದಿಲ್ಲ. ನಡುವೆ ಕೂತು ಹೇಳಿಕೊಡುವವನೇ ಡ್ರೈವರ್. ಇಂಟೆಲ್ 2004ರಲ್ಲಿ ಹೈ ಡೆಫಿನಿಷನ್ ಆಡಿಯೋ ಅನ್ನುವ ಒಂದು ಪದ್ಧತಿ ತಂದಿತು. ಅದರಿಂದಾಗಿ ಚಿಪ್ ಯಾವ ಕಂಪನಿಯದ್ದಾದರೂ ವಿಂಡೋಸ್ ಜೊತೆಗೇ ಬರುವ ಸಾಮಾನ್ಯ ಡ್ರೈವರ್ ಸುಮಾರಾಗಿ ಕೆಲಸ ಸಾಗಿಸುತ್ತದೆ. ಆದರೆ ಅವನಿಗೆ ಬರುವುದು ಪೇಟೆಗೆ ಹೋಗಿ ತೆಂಗಿನೆಣ್ಣೆ ತರುವಷ್ಟು ಭಾಷೆ ಮಾತ್ರ. ರಿಜಿಸ್ಟ್ರಾರ್ ಆಫೀಸಿನ ಕಾಗದ ಓದಲಾರ. ಹಾಡು ಕೇಳಿಸುತ್ತಾನೆ. ಯಾವ ತೂತಿನಲ್ಲಿ ಏನು ಚುಚ್ಚಿದ್ದೀರಿ, ಲೈನ್ ಇನ್ ಬೇಕಾ ಮೈಕ್ ಬೇಕಾ ಅನ್ನುವಲ್ಲಿ ಎಡವುತ್ತಾನೆ. ನಿಮ್ಮ ಹಾಗೆ ಟೇಪಿನಿಂದ ತುಂಬಿಸುವವರಿಗೆ ಅದಕ್ಕೇ ಕಂಪನಿಯ ಡ್ರೈವರ್ ಒಳ್ಳೆಯದು.

ಯಾರು ಕೂತಿದ್ದಾರೆ ಅಂತ ನೋಡಲು ಸ್ಟಾರ್ಟ್ ಗುಂಡಿಯ ಮೇಲೆ ಬಲಗುಂಡಿ ಒತ್ತಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಸೌಂಡಿನ ಸಾಲನ್ನು ಬಿಡಿಸಿದರೆ 'ರಿಯಲ್‌ಟೆಕ್' ಅಂತ ಇದ್ದರೆ ಕಂಪನಿಯದ್ದು. ಬರೀ 'ಹೈ ಡೆಫಿನಿಷನ್ ಆಡಿಯೋ ಡಿವೈಸ್' ಅಂತ ಇದ್ದರೆ ಸಾಮಾನ್ಯದ್ದು. ಕೆಳಮುಖದ ಬಾಣ ಇದ್ದರೆ ಯಾರೋ ಡಿಸೇಬಲ್ ಮಾಡಿದ್ದಾರೆ, ಎನೇಬಲ್ ಮಾಡಿದರೆ ಮುಗಿಯಿತು. ಹಳದಿ ಗುರುತು ಇದ್ದರೆ ಅದರ ಮೇಲೆ ಎರಡು ಸಲ ಒತ್ತಿ ಕೋಡ್ ಓದಿ: 28 ಅಂದರೆ ಡ್ರೈವರ್ ಇಲ್ಲವೇ ಇಲ್ಲ, 10 ಅಂದರೆ ಇದ್ದೂ ಏಳುತ್ತಿಲ್ಲ. ಸೌಂಡಿನ ಹೆಸರೇ ಕಾಣುವುದಿಲ್ಲ ಅಂದಾಗ ಮಾತ್ರ, ಕಂಪ್ಯೂಟರ್ ಆನ್ ಆಗುವಾಗ ವಿಂಡೋಸ್‌ಗಿಂತ ಮೊದಲು ಓಡುವ ಪ್ರೋಗ್ರಾಂ ಆದ ಬಯಾಸ್‌ನಲ್ಲಿ ಆಫ್ ಆಗಿದೆಯಾ, ಚಿಪ್ಪೇ ಹೋಗಿದೆಯಾ ಅಂತ ಯೋಚಿಸಬೇಕು.

ತಮ್ಮನ ಮಗನನ್ನು ಬೈಯಬೇಡಿ, ಅವನ ಸಂಶಯ ಪೂರ್ತಿ ತಪ್ಪಲ್ಲ. ಆದರೆ ಆ ಸಾಫ್ಟ್‌ವೇರನ್ನು ಇವತ್ತೇ ತೆಗೆದುಹಾಕಿ. ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಿಂದ ಅನ್‌ಇನ್‌ಸ್ಟಾಲ್ ಮಾಡಿ, ವಿಂಡೋಸ್ ಸೆಕ್ಯುರಿಟಿಯಲ್ಲಿ ಒಂದು ಫುಲ್ ಸ್ಕ್ಯಾನ್ ಹಾಕಿ. 27 ಡ್ರೈವರ್ ಹಳತು ಅನ್ನುವುದು ಹೆದರಿಸುವ ವ್ಯಾಪಾರ. ವಿಂಡೋಸ್ ಜೊತೆಗೆ ಬರುವ ಎಷ್ಟೋ ಡ್ರೈವರುಗಳ ಮೇಲೆ 2006ರ ಜೂನ್ 21 ಅನ್ನುವ ಒಂದೇ ತಾರೀಕು ಇರುತ್ತದೆ. ಮೈಕ್ರೋಸಾಫ್ಟ್‌ನವರು ಬೇಕಂತಲೇ ಹಾಗೆ ಹಾಕುತ್ತಾರೆ. ಕಂಪನಿಯ ಸ್ವಂತ ಡ್ರೈವರ್ ಇದ್ದರೆ ಅದರ ತಾರೀಕು ಹೊಸತಾಗಿ ಕಂಡು ಅದಕ್ಕೇ ಮಣೆ ಸಿಗಲಿ ಅಂತ. ಈ ಸಾಫ್ಟ್‌ವೇರುಗಳು ಅದನ್ನು ತೋರಿಸಿ "ಅಯ್ಯೋ, 2006ರ ಡ್ರೈವರ್" ಅಂತ ಕೆಂಪು ದೀಪ ಹಾಕುತ್ತವೆ. ಹೊಸ ಡ್ರೈವರ್ ಅಂದರೆ ಒಳ್ಳೆ ಡ್ರೈವರ್ ಅಂತಲೂ ಇಲ್ಲ. 2017ರ ಚಿಪ್ಪಿಗೆ ಆ ಕಾಲದ ಡ್ರೈವರೇ ಎಷ್ಟೋ ಸಲ ಚೆನ್ನಾಗಿ ಹೊಂದುತ್ತದೆ.

ಹಾಗಾದರೆ ಡ್ರೈವರ್ ಸರಿ ಮಾಡುವುದು ಹೇಗೆ? ಮೇಲೆ ಹೇಳಿದ್ದರಲ್ಲೇ ಸದ್ದು ಬಂದರೆ ಈ ಕೆಲಸಕ್ಕೆ ಇಳಿಯಲೇಬೇಡಿ. ಬರದಿದ್ದರೆ ಮೊದಲು ಒಂದು ರಿಸ್ಟೋರ್ ಪಾಯಿಂಟ್ (ಏನಾದರೂ ಕೆಟ್ಟರೆ ವಿಂಡೋಸ್ ಈಗಿನ ಸ್ಥಿತಿಗೆ ಹಿಂದೆ ಬರಲು ಒಂದು ಗುರುತು) ಮಾಡಿಟ್ಟುಕೊಳ್ಳಿ. ಡಿವೈಸ್ ಮ್ಯಾನೇಜರಿನಲ್ಲಿ ಆ ಹೆಸರಿನ ಮೇಲೆ ಎರಡು ಸಲ ಒತ್ತಿ, ಡ್ರೈವರ್ ಅನ್ನುವಲ್ಲಿ 'ರೋಲ್ ಬ್ಯಾಕ್' ಗುಂಡಿ ಇದೆಯಾ ನೋಡಿ. ಒತ್ತಲು ಬಂದರೆ ಒತ್ತಿ, ಹಿಂದೆ ಇದ್ದದ್ದಕ್ಕೆ ಹೋಗುತ್ತದೆ. ನಿಮ್ಮ ಸಮಸ್ಯೆ ಎರಡು ವಾರದ್ದು, ಎಲ್ಲಕ್ಕಿಂತ ಹಗುರದ ಮದ್ದು ಇದೇ. ಗುಂಡಿ ಮಸುಕಾಗಿದ್ದರೆ ಹಿಂದಿನದ್ದು ಉಳಿದಿಲ್ಲ. ಆಗ ಹೊಸತಾಗಿ ಹಾಕಬೇಕು. ಸ್ಟಾರ್ಟ್ ಮೆನುವಿನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ಹುಡುಕಿ ತೆರೆದರೆ ಮದರ್‌ಬೋರ್ಡಿನ ಕಂಪನಿ, ಮಾಡೆಲ್ ಎರಡೂ ಬರೆದಿರುತ್ತದೆ. ಅದನ್ನು ಕಾಗದದಲ್ಲಿ ಬರೆದುಕೊಂಡು ಆ ಕಂಪನಿಯ ಸೈಟಿಗೇ ಹೋಗಿ ಸೌಂಡ್ ಡ್ರೈವರ್ ಇಳಿಸಿ. ಗೂಗಲಿನಲ್ಲಿ ಮೊದಲು ಸಿಗುವ 'ಫ್ರೀ ಡೌನ್‌ಲೋಡ್' ಸೈಟುಗಳ ಹತ್ತಿರ ಸುಳಿಯಬೇಡಿ. ಹೊಸತು ಕೈಯಲ್ಲಿ ಇದೆ ಅಂತ ಆದ ಮೇಲೆ ಹಳತನ್ನು ಅನ್‌ಇನ್‌ಸ್ಟಾಲ್ ಮಾಡಿ, ಡ್ರೈವರ್ ಸಾಫ್ಟ್‌ವೇರನ್ನೂ ಅಳಿಸು ಅನ್ನುವುದಕ್ಕೆ ಗುರುತು ಹಾಕಿ, ರೀಸ್ಟಾರ್ಟ್ ಮಾಡಿ, ಹೊಸತನ್ನು ಹಾಕಿ. ಇದರಲ್ಲಿ ದೊಡ್ಡ ಅಪಾಯ ಏನಿಲ್ಲ. ಬೇರೆ ಮಾಡೆಲಿನದ್ದು ಹಾಕಿದರೆ ಸದ್ದು ಬರುವುದಿಲ್ಲ, ರಿಸ್ಟೋರ್ ಪಾಯಿಂಟಿಗೆ ಹಿಂದೆ ಹೋದರಾಯಿತು. ಬಯಾಸ್ ಅಪ್‌ಡೇಟ್ ಮಾಡು ಅಂತ ಯಾರಾದರೂ ಹೇಳಿದರೆ ಮಾತ್ರ ಕೇಳಬೇಡಿ. ಅದರ ನಡುವೆ ಕರೆಂಟು ಹೋದರೆ ಮದರ್‌ಬೋರ್ಡ್ ನಿಜವಾಗಿಯೂ ಹೋಗುತ್ತದೆ.

ಇಷ್ಟಾಗಿಯೂ ಚಿಪ್ಪಾ ಡ್ರೈವರಾ ಅಂತ ಗೊತ್ತಾಗದಿದ್ದರೆ ಅಕ್ಕಪಕ್ಕದಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳು ಯಾರಿದ್ದಾರೆ ನೋಡಿ. ನಿಮಗೆ ಗೊತ್ತಿರುತ್ತದೆ, ಕೇರಳದ ಸರಕಾರಿ, ಅನುದಾನಿತ ಶಾಲೆಗಳ ಕಂಪ್ಯೂಟರುಗಳಲ್ಲಿ ಇರುವುದು ವಿಂಡೋಸ್ ಅಲ್ಲ, ರಾಜ್ಯ ಸರಕಾರದ ಕೈಟ್ ಸಂಸ್ಥೆಯವರು ಕೊಡುವ ಲಿನಕ್ಸ್. ನಮ್ಮ ಕನ್ನಡ ಮಾಧ್ಯಮದ ಮಕ್ಕಳ ಕೈಗೂ ಅದು ಚೆನ್ನಾಗಿ ಪಳಗಿದೆ. ಬೇರೆಯೇ ಒಂದು ಪೆನ್ ಡ್ರೈವಿಗೆ ಉಬುಂಟು ಅನ್ನುವ ಲಿನಕ್ಸ್ ತುಂಬಿಸಿ, ಅದರಿಂದಲೇ ಕಂಪ್ಯೂಟರ್ ಆನ್ ಮಾಡಿಸಿ. 'ಟ್ರೈ' ಅನ್ನುವುದನ್ನೇ ಒತ್ತಬೇಕು, 'ಇನ್‌ಸ್ಟಾಲ್' ಅಲ್ಲ. ಇದನ್ನು ಹುಡುಗನಿಗೆ ಎರಡು ಸಲ ಹೇಳಿ. ಅಲ್ಲಿ ಸದ್ದು ಬಂದರೆ ಚಿಪ್ ಗಟ್ಟಿ ಇದೆ, ತಪ್ಪು ವಿಂಡೋಸ್ ಕಡೆಯದ್ದು. ಸಾವಿರಾರು ರೂಪಾಯಿ ಖರ್ಚು ಮಾಡುವ ಮೊದಲು ಒಂದು ಪೈಸೆ ಕೊಡದೆ ಮಾಡುವ ಪರೀಕ್ಷೆ ಇದು. ಅಂಗಡಿಯವರು ಇದನ್ನು ಮಾಡಿ ನೋಡಿದ್ದಾರಾ ಕೇಳಿ.

ಚಿಪ್ ನಿಜಕ್ಕೂ ಹೋಗಿದೆ ಅಂತಲೇ ಇಟ್ಟುಕೊಳ್ಳುವ. ಆಗಲೂ ಮದರ್‌ಬೋರ್ಡ್ ಬದಲಿಸಬೇಕಾಗಿಲ್ಲ. 2017ರ ಪ್ರೊಸೆಸರಿಗೆ ಹೊಂದುವ ಬೋರ್ಡ್ ಹುಡುಕುವುದೂ ಈಗ ಸುಲಭ ಅಲ್ಲ, ಸಿಗುವುದು ಎಷ್ಟೋ ಸಲ ಸೆಕೆಂಡ್ ಹ್ಯಾಂಡ್. ಪೆನ್ ಡ್ರೈವಿನ ಗಾತ್ರದ ಯುಎಸ್‌ಬಿ ಸೌಂಡ್ ಕಾರ್ಡ್ 500 ರೂಪಾಯಿಯ ಒಳಗೆ ಬರುತ್ತದೆ. ಚುಚ್ಚಿದರೆ ಸಾಕು, ವಿಂಡೋಸ್‌ನದ್ದೇ ಡ್ರೈವರ್ ಸಾಕಾಗುತ್ತದೆ. ಆದರೆ ನಿಮ್ಮ ಕೆಲಸಕ್ಕೆ ಅದರಲ್ಲಿ ಒಂದು ಕೊರತೆ ಇದೆ. ಆ ಅಗ್ಗದ ಕಾರ್ಡುಗಳಲ್ಲಿ ಲೈನ್ ಇನ್ ಇರುವುದಿಲ್ಲ, ಮೈಕಿನ ತೂತು ಮಾತ್ರ, ಅದೂ ಹೆಚ್ಚಾಗಿ ಮೋನೋ. ಕೇಳುವುದಕ್ಕೆ ಅದು ಸಾಕು. ಅಪ್ಪನ ಧ್ವನಿ ತುಂಬಿಸಲು ಎರಡು ಕೆಂಪು ಬಿಳಿ ತೂತಿನ ಲೈನ್ ಇನ್ ಇರುವ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ತೆಗೆದುಕೊಂಡರೆ ಒಳ್ಳೆಯದು. ಅದಕ್ಕೆ ಸಾವಿರಗಳ ಲೆಕ್ಕದಲ್ಲಿ ಬೀಳುತ್ತದೆ, ಆದರೆ 29 ಕ್ಯಾಸೆಟ್ ಇನ್ನೂ ಬಾಕಿ ಇದೆ ಅಲ್ವಾ. ನಾನಾದರೆ ಚಿಪ್ ಸರಿ ಇದ್ದರೂ ಅದನ್ನು ತೆಗೆದುಕೊಳ್ಳುತ್ತಿದ್ದೆ.

ವಿಂಡೋಸ್ 10ರ ಬಗ್ಗೆ ಒಂದು ಮಾತು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಮಾಮೂಲಿ ಬೆಂಬಲ ನಿಲ್ಲಿಸಿದೆ. ನಿಮ್ಮ ಕಂಪ್ಯೂಟರ್ ವಿಂಡೋಸ್ 11ರ ನಿಯಮಕ್ಕೆ ಹೊಂದುವುದು ಸಂಶಯ. ಈಗಲೇ ಬದಲಿಸಲು ಹೋಗಬೇಡಿ, ಕ್ಯಾಸೆಟ್ ಮುಗಿಯಲಿ. ಅಲ್ಲಿವರೆಗೆ ಬ್ಯಾಂಕಿನ ಕೆಲಸ ಅದರಲ್ಲಿ ಮಾಡದಿದ್ದರೆ ಒಳ್ಳೆಯದು.

ಮತ್ತೆ ರೆಕಾರ್ಡಿಂಗ್ ಶುರು ಮಾಡುವಾಗ ಅಳತೆಯನ್ನು ಚೆಂಡೆಗೆ ಇಟ್ಟುಕೊಳ್ಳಿ, ಮಾತಿಗೆ ಅಲ್ಲ. ಅರ್ಥ ಹೇಳುವಾಗಿನ ಧ್ವನಿಗೆ ಸರಿ ಮಾಡಿ ಇಟ್ಟರೆ ಪದ (ಭಾಗವತರ ಹಾಡು) ಶುರುವಾಗಿ ಚೆಂಡೆ ಬಿದ್ದ ಕೂಡಲೇ ಗೆರೆ ಕೆಂಪಾಗಿ ಸದ್ದು ಒಡೆಯುತ್ತದೆ. ಆಮೇಲೆ ಅದನ್ನು ಸರಿ ಮಾಡಲು ಬರುವುದಿಲ್ಲ. ಮೆಲ್ಲಗೆ ರೆಕಾರ್ಡ್ ಆದದ್ದನ್ನು ಮತ್ತೆ ಜಾಸ್ತಿ ಮಾಡಬಹುದು. ಚೆಂಡೆಯ ಜೋರಿನಲ್ಲಿ ಗೆರೆ ಮೈನಸ್ 6 ಡೆಸಿಬೆಲ್ ದಾಟದ ಹಾಗೆ ನೋಡಿಕೊಳ್ಳಿ. ಆಕಾಶ ಗುಡುಗಿದರೆ ಪವರ್ ಪ್ಲಗ್ ಜೊತೆಗೆ ಇಂಟರ್ನೆಟ್ಟಿನ ವಯರನ್ನೂ ತೆಗೆಯಿರಿ, ಜನ ಮರೆಯುವುದು ಅದನ್ನೇ.

ಇನ್ನೊಂದು, ಕ್ಯಾಸೆಟ್ಟಿನ ಮೇಲಿನ ಅಂಚಿನಲ್ಲಿ, ಟೇಪ್ ಕಾಣುವ ಬದಿಯ ಎದುರು ಬದಿಗೆ, ಎರಡು ಮೂಲೆಯಲ್ಲೂ ಒಂದೊಂದು ಸಣ್ಣ ಪ್ಲಾಸ್ಟಿಕ್ ಹಲ್ಲು ಇರುತ್ತದೆ. ಮುರಿಯದೆ ಇದ್ದರೆ ಚಾಕುವಿನ ತುದಿಯಲ್ಲಿ ಎರಡನ್ನೂ ಮುರಿದುಬಿಡಿ. ಆಮೇಲೆ ಮೊಮ್ಮಕ್ಕಳು ಟೇಪ್ ರೆಕಾರ್ಡರಿನ ಕೆಂಪು ಗುಂಡಿ ಒತ್ತಲು ಹೋದರೂ ಅದು ಕೆಳಗೆ ಇಳಿಯುವುದಿಲ್ಲ.